ದೂರದ ಯಂತ್ರವು ಓಗೊಡದಿದ್ದಾಗ

ಮಲೆನಾಡಿನ ಮನೆಯೊಂದರ ಜಗಲಿಯಲ್ಲಿ ಕುಳಿತು, ಮುನ್ನೂರು ಕಿಲೋಮೀಟರು ಆಚೆ ಬೆಂಗಳೂರಿನ ಕಚೇರಿಯಲ್ಲಿರುವ ಕಂಪ್ಯೂಟರನ್ನು ನಡೆಸಬಹುದೆಂದರೆ ಈಗ ಯಾರಿಗೂ ಅಚ್ಚರಿಯಾಗದು. ಕೀಲಿಮಣೆಯ ಮೇಲೆ ಒತ್ತಿದ ಅಕ್ಷರವೂ ಮೌಸಿನ ಚಲನೆಯೂ ಇಲ್ಲಿಂದ ಅಲ್ಲಿಗೆ ಹೋಗುತ್ತವೆ. ಅಲ್ಲಿನ ಪರದೆಯ ಚಿತ್ರವು ಇಲ್ಲಿಗೆ ಬರುತ್ತದೆ. ಲೆಕ್ಕದ ಪುಸ್ತಕವಾಗಲಿ ಸಂಬಳದ ಪಟ್ಟಿಯಾಗಲಿ ಕಚೇರಿಯ ಸರ್ವರನ್ನು ಬಿಟ್ಟು ಕದಲುವುದಿಲ್ಲ; ನಮ್ಮ ಕಣ್ಣಿಗೆ ಬೀಳುವುದು ಅದರ ಪ್ರತಿಬಿಂಬ ಮಾತ್ರ. ಈ ಏರ್ಪಾಡಿಗೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯವರು 1998ರಲ್ಲಿ ತಮ್ಮ ವಿಂಡೋಸ್ ಎನ್‌ಟಿಯ ಒಂದು ವಿಶೇಷ ಆವೃತ್ತಿಯೊಡನೆ ಇದನ್ನು ಬಳಕೆಗೆ ತಂದರು. 2020ರ ಮಾರ್ಚಿಯಲ್ಲಿ ದೇಶವೆಲ್ಲ ಮನೆಯೊಳಗೆ ಉಳಿಯಬೇಕಾಗಿ ಬಂದಾಗ, ಅದುವರೆಗೆ ಇದರ ಹೆಸರನ್ನೂ ಕೇಳದಿದ್ದ ಸಣ್ಣ ಸಣ್ಣ ಕಚೇರಿಗಳು ಇದನ್ನೇ ನೆಚ್ಚಿದುವು.

ನಾನು ಇಲ್ಲಿ ಹೇಳಹೊರಟಿರುವುದು ಅದು ಕೆಲಸಮಾಡುವ ಹೊತ್ತಿನ ಮಾತನ್ನಲ್ಲ; ಕೈಕೊಟ್ಟ ಹೊತ್ತಿನ ಮಾತನ್ನು. ದೂರದ ಕಂಪ್ಯೂಟರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲವೆಂದು ಪರದೆಯ ಮೇಲೆ ಒಂದು ಒಕ್ಕಣೆ ಮೂಡುತ್ತದೆ. ಅದರ ಕೆಳಗೆ ಮೂರು ಕಾರಣಗಳನ್ನೂ ಕೊಟ್ಟಿರುತ್ತದೆ: ಆ ಸರ್ವರಿನಲ್ಲಿ ದೂರಪ್ರವೇಶಕ್ಕೆ ಅನುಮತಿ ಇರಲಿಕ್ಕಿಲ್ಲ, ಆ ಕಂಪ್ಯೂಟರು ಆರಿರಬಹುದು, ಅಥವಾ ಅದು ಜಾಲದಲ್ಲಿ ಸಿಕ್ಕದಿರಬಹುದು. ಮೂರೂ ನಿಜವಾಗಿರಬಹುದು, ಆದರೆ ಇವು ಮೂರೂ ಅಲ್ಲದ ಬೇರೆ ಹತ್ತಾರು ಕಾರಣಗಳಿಂದಲೂ ಅದೇ ಒಕ್ಕಣೆ ಮೂಡುವುದುಂಟು. ಇಂಥ ಹೊತ್ತಿನಲ್ಲಿ ನಮ್ಮ ತರುಣರು ಏನು ಮಾಡುತ್ತಾರೆಂಬುದನ್ನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುತ್ತಾರೆ. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಫೈರ್‌ವಾಲನ್ನೇ ತೆಗೆದುಹಾಕುತ್ತಾರೆ. ಪದವಿಯನ್ನು ಪಡೆದವರೂ ಹೀಗೆಯೇ ಮಾಡುವರು. ಇದು ಅವರ ಬುದ್ಧಿಯ ಕೊರತೆಯೆಂದು ನಾನು ಎಣಿಸಿಲ್ಲ. ಕೆಟ್ಟುದನ್ನು ಹುಡುಕುವುದೂ ಒಂದು ವಿದ್ಯೆ ಎಂಬುದನ್ನು ನಾವು ಅವರಿಗೆ ಕಲಿಸಿಯೇ ಇಲ್ಲ.

ದೂರದ ಕಂಪ್ಯೂಟರನ್ನು ಜಾಲದ ಮೂಲಕ ಪ್ರವೇಶಿಸುವ ಮೊತ್ತಮೊದಲಿನ ಯತ್ನವೇ ವಿಫಲವಾಯಿತೆಂಬ ಸಂಗತಿ ಎಷ್ಟು ಮಂದಿಗೆ ಗೊತ್ತೋ ಕಾಣೆ. 1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆ ಗಂಟೆ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಲಿಯೊನಾರ್ಡ್ ಕ್ಲೈನ್‌ರಾಕರ ಪ್ರಯೋಗಶಾಲೆ. ಅಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಸುಮಾರು 350 ಮೈಲಿ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಕಂಪ್ಯೂಟರಿನೊಳಕ್ಕೆ ಪ್ರವೇಶಿಸಲು 'ಲಾಗಿನ್' ಎಂಬ ಮಾತಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತತೊಡಗಿದನು. ಆ ಕಡೆಯಲ್ಲಿ ಬಿಲ್ ಡುವಾಲ್ ಎಂಬಾತನು ಕಾದು ಕುಳಿತಿದ್ದನು. ಇಬ್ಬರ ಕಿವಿಯಲ್ಲೂ ಟೆಲಿಫೋನು ಇತ್ತು. ಕ್ಲೈನನು 'ಎಲ್' ಒತ್ತಿ, ಬಂದಿತೇ ಎಂದು ಕೇಳಿದನು. ಬಂದಿತೆಂದು ಉತ್ತರ ಬಂತು. 'ಓ' ಒತ್ತಿದನು, ಅದೂ ಮುಟ್ಟಿತು. 'ಜಿ' ಒತ್ತಿದೊಡನೆ ಆ ಕಡೆಯ ವ್ಯವಸ್ಥೆ ಕುಸಿದುಬಿತ್ತು. ಮೂರನೆಯ ಅಕ್ಷರ ಬಂದಾಗ ಸ್ಟ್ಯಾನ್‌ಫರ್ಡಿನ ಯಂತ್ರವು ಇದು ಯಾವ ಆಜ್ಞೆಯೆಂದು ಊಹಿಸಿ, ಉಳಿದ ಅಕ್ಷರಗಳನ್ನು ತಾನೇ ತುಂಬಿ ಒಟ್ಟಿಗೆ ಹಿಂದಿರುಗಿಸಲು ಹೋಯಿತಂತೆ; ಒಂದು ಸಾರಿಗೆ ಒಂದೇ ಅಕ್ಷರ ಸಾಗುವುದೆಂಬ ನಂಬಿಕೆಯಿಂದ ಬರೆದಿದ್ದ ಕ್ರಮವಿಧಿಯಲ್ಲಿ ಅಷ್ಟಕ್ಕೆ ಎಡೆಯಿರಲಿಲ್ಲವೆಂದು ಡುವಾಲನು ಮುಂದೆ ವಿವರಿಸಿದ್ದಾನೆ. ಆ ಎಡೆಯನ್ನು ಹಿಗ್ಗಿಸಿದನು. ಸುಮಾರು ಒಂದು ಗಂಟೆಯ ತರುವಾಯ ಪ್ರವೇಶ ಸಾಧ್ಯವಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಆ ಎರಡು ಅಕ್ಷರಗಳ ಮೇಲೆ ಗಮನವಿಡುತ್ತಾರೆ. ನನಗಾದರೋ ಟೆಲಿಫೋನೇ ಮುಖ್ಯವಾಗಿ ಕಾಣುತ್ತದೆ. ಪರೀಕ್ಷೆಗೊಳಗಾದ ಮಾರ್ಗದಲ್ಲಿಯೇ ಪರೀಕ್ಷೆಯ ಫಲವನ್ನೂ ಕೇಳಹೊರಟಿದ್ದರೆ, ಕೆಟ್ಟುದು ತಮ್ಮ ಯಂತ್ರವೋ ತಂತಿಯೋ ಆಚೆಯ ಯಂತ್ರವೋ ಎಂದು ಆ ರಾತ್ರಿ ತಿಳಿಯುವ ಬಗೆಯೇ ಇರಲಿಲ್ಲ. ಬೇರೊಂದು ದಾರಿಯಿಂದ ಸಾಕ್ಷ್ಯ ದೊರೆಯುತ್ತಿದ್ದುದರಿಂದ ಎರಡನೆಯ ಅಕ್ಷರದವರೆಗೆ ಎಲ್ಲವೂ ಸರಿಯಿತ್ತು, ಮೂರನೆಯದರಲ್ಲಿ ತಪ್ಪಿತು ಎಂದು ಬೊಟ್ಟುಮಾಡಿ ತೋರಿಸಲಾಯಿತು. ಅಷ್ಟು ತಿಳಿದ ಮೇಲೆ ತಿದ್ದಬೇಕಾದುದು ಒಂದೇ ಒಂದು.

ಇಂದಿನ ಸಂಪರ್ಕವು ಆ ಮೂರು ಅಕ್ಷರಗಳಿಗಿಂತ ಉದ್ದವಾದ ಸರಪಳಿ. ಸರ್ವರಿನ ಹೆಸರಿಗೆ ತಕ್ಕ ಅಂಕೆಯ ವಿಳಾಸ ಮೊದಲು ಸಿಕ್ಕಬೇಕು. ಆ ವಿಳಾಸಕ್ಕೆ ದಾರಿಯಿರಬೇಕು. ದಾರಿಯ ಕೊನೆಯಲ್ಲಿ 3389 ಎಂಬ ಸಂಖ್ಯೆಯ ಪೋರ್ಟ್, ಎಂದರೆ ಬಾಗಿಲು, ತೆರೆದಿರಬೇಕು. ಅದರ ಹಿಂದೆ ಕರೆಗೆ ಕಿವಿಗೊಟ್ಟ ಸೇವೆಯೊಂದು ಎಚ್ಚರವಿರಬೇಕು. ಆಮೇಲೆ ಎರಡು ಯಂತ್ರಗಳೂ ಗೂಢಲಿಪಿಯ ವಿಚಾರದಲ್ಲಿ ಒಂದು ಒಪ್ಪಂದಕ್ಕೆ ಬರಬೇಕು. ಬಂದವನು ಯಾರೆಂದು ಗುರುತು ಹಿಡಿಯಬೇಕು. ಒಳಗೆ ಕೂರಲು ಸ್ಥಳವಿರಬೇಕು. ಚಿತ್ರ ಬರುವುದು ಇಷ್ಟೆಲ್ಲ ಆದ ಮೇಲೆ. ಸರಪಳಿಯ ಯಾವ ಕೊಂಡಿ ಕಳಚಿದರೂ ಬಳಕೆದಾರನ ಪಾಲಿಗೆ ಬರುವುದು ಬರಿಯ ಪರದೆ. ಆದುದರಿಂದ ಒಳ್ಳೆಯ ವೈದ್ಯನು ಸರಪಳಿಯ ತುದಿಯಲ್ಲಿ ನಿಂತು ಜಗ್ಗುವುದಿಲ್ಲ. ನಡುವೆ ಎಲ್ಲಾದರೂ ಕೈಯಿಟ್ಟು, ಇಲ್ಲಿಯವರೆಗೆ ಸರಿಯಿದೆಯೇ ಎಂದು ಕೇಳುತ್ತಾನೆ. ಹೆಸರಿನಿಂದ ಸಿಕ್ಕದ ಸರ್ವರು ಅಂಕೆಯ ವಿಳಾಸದಿಂದ ಸಿಕ್ಕಿದರೆ, ಆ ಒಂದು ಪ್ರಶ್ನೆಯಿಂದಲೇ ಮುಂದಿನ ಕೊಂಡಿಗಳೆಲ್ಲ ನಿರ್ದೋಷಿಗಳಾದುವು. ಪಕ್ಕದ ಮೇಜಿನವನಿಗೆ ಸಂಪರ್ಕ ದೊರೆಯುತ್ತಿದೆಯೇ ಎಂಬ ಪ್ರಶ್ನೆ ಇದಕ್ಕಿಂತಲೂ ಅಗ್ಗದ್ದು. ಸಂದೇಹದ ಕ್ಷೇತ್ರವನ್ನು ಅದು ಎರಡಾಗಿ ಸೀಳಿಬಿಡುತ್ತದೆ. ಕೇಳಲು ನಾಚಿಕೆಪಟ್ಟು ಅರ್ಧ ದಿನ ಕಳೆದವರನ್ನು ಬಲ್ಲೆ.

ಯಂತ್ರವನ್ನು ಪ್ರಶ್ನಿಸುವುದಕ್ಕಿಂತ ಅದರ ಉತ್ತರವನ್ನು ಓದುವುದು ಕಷ್ಟ. 'ಪಿಂಗ್' ಎಂಬ ಆಜ್ಞೆಯನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬವರು ಇದನ್ನು ರಚಿಸಿ, ಜಲಾಂತರ್ಗಾಮಿಗಳು ನೀರಿನಲ್ಲಿ ಶಬ್ದದ ಮಿಡಿತವನ್ನು ಕಳುಹಿಸಿ ಪ್ರತಿಧ್ವನಿಗೆ ಕಾಯುವ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟರು. ಪ್ರತಿಧ್ವನಿ ಬಂದರೆ ಆಚೆ ಒಂದು ಯಂತ್ರ ಬದುಕಿದೆ ಎಂದು ನಿಶ್ಚಯ. ಬರದಿದ್ದರೆ? ಸತ್ತಿದೆಯೆಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಅನೇಕ ಫೈರ್‌ವಾಲುಗಳು ಇಂಥ ಕೂಗಿಗೆ ಓಗೊಡಕೂಡದೆಂದು ಯಂತ್ರಕ್ಕೆ ಕಟ್ಟಪ್ಪಣೆ ಮಾಡಿರುತ್ತವೆ. ಪಿಂಗಿಗೆ ಮೌನವಾಗಿರುವ ಸರ್ವರು 3389ರಲ್ಲಿ ಧಾರಾಳವಾಗಿ ಮಾತಾಡುತ್ತಿರಬಹುದು. ಬಾಗಿಲನ್ನೇ ತಟ್ಟಿ ನೋಡುವುದು ಲೇಸು. ಅದಕ್ಕೆ ವಿಂಡೋಸಿನಲ್ಲಿಯೇ 'ಟೆಸ್ಟ್-ನೆಟ್‌ಕನೆಕ್ಷನ್' ಎಂಬ ಆಜ್ಞೆಯುಂಟು. ಹೀಗೆ ತಟ್ಟಿದಾಗ ಕೆಲವೊಮ್ಮೆ ಕ್ಷಣಮಾತ್ರದಲ್ಲಿ ನಿರಾಕರಣೆ ಬರುತ್ತದೆ, ಕೆಲವೊಮ್ಮೆ ಬಹಳ ಹೊತ್ತು ಕಾದರೂ ಏನೂ ಬರುವುದಿಲ್ಲ. ಬಳಕೆದಾರನು ಎರಡನ್ನೂ 'ಆಗಲಿಲ್ಲ' ಎಂಬ ಒಂದೇ ಮಾತಿನಲ್ಲಿ ವರದಿಮಾಡುತ್ತಾನೆ. ನಿರಾಕರಣೆ ನಿಜಕ್ಕೂ ಶುಭವಾರ್ತೆ: ವಿಳಾಸ ಇದೆ, ದಾರಿ ಇದೆ, ಉತ್ತರಕೊಡಲು ಯಾರೋ ಇದ್ದಾರೆ. ಮೌನದಿಂದಾದರೋ ಬಹಳ ಸ್ವಲ್ಪ ತಿಳಿಯುತ್ತದೆ. ದಾರಿ ತಪ್ಪಿರಬಹುದು, ಯಂತ್ರ ಆರಿರಬಹುದು, ನಡುವೆ ಫೈರ್‌ವಾಲು ನುಂಗಿರಬಹುದು. ಅಷ್ಟೇ ಏಕೆ, ವಿಂಡೋಸಿನ ಫೈರ್‌ವಾಲು, ಕಿವಿಗೊಡುವವರಿಲ್ಲದ ಬಾಗಿಲನ್ನು ಯಾರಾದರೂ ತಟ್ಟಿದಾಗ ನಿರಾಕರಣೆಯನ್ನು ಸಹ ಹೊರಬಿಡದೆ ಅಡಗಿಸುತ್ತದೆ. ಸಾಕ್ಷ್ಯ ಇಲ್ಲದಿರುವುದಕ್ಕೂ ಇಲ್ಲವೆಂಬುದಕ್ಕೆ ಸಾಕ್ಷ್ಯ ಇರುವುದಕ್ಕೂ ಇರುವ ಅಂತರವನ್ನು ತರ್ಕಶಾಸ್ತ್ರದ ತರಗತಿಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಇಲ್ಲಿ ಅದೇ ಅಂತರದ ಮೇಲೆ ಒಂದು ಕಚೇರಿಯ ದಿನದ ಕೆಲಸ ನಿಂತಿರುತ್ತದೆ.

ನನ್ನ ಸೋದರಳಿಯನೊಬ್ಬನು ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದನು. 2020ರ ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆಯ ತನ್ನ ಮನೆಯಿಂದಲೇ ಕಚೇರಿಯ ಸರ್ವರಿಗೆ ಸಂಪರ್ಕ ಬೆಳೆಸಬೇಕಾಗಿತ್ತು. ಅದಕ್ಕಾಗಿ ವಿಪಿಎನ್ ಎಂಬ ಗುಪ್ತಮಾರ್ಗವನ್ನು ಕಚೇರಿಯವರು ಏರ್ಪಡಿಸಿದ್ದರು. ಮಾರ್ಗವೇನೋ ತೆರೆಯುತ್ತಿತ್ತು, ಸರ್ವರು ಮಾತ್ರ ಸಿಕ್ಕುತ್ತಿರಲಿಲ್ಲ. ಎರಡು ದಿನ ಹೆಣಗಿದ ಮೇಲೆ ನನಗೆ ಫೋನು ಮಾಡಿದನು.

"ಮಾವ, ಕೊನೆಗೂ ಸರಿಹೋಯಿತು."

"ಏನು ಮಾಡಿದೆಯಪ್ಪ?"

"ಎಲ್ಲವನ್ನೂ ಮಾಡಿದೆ."

ಆ 'ಎಲ್ಲ'ದಲ್ಲಿ ಏನೇನಿತ್ತೆಂದು ಬಿಡಿಸಿ ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಕಚೇರಿಯಲ್ಲಿದ್ದ ಸಹೋದ್ಯೋಗಿಗೆ ಹೇಳಿ ಸರ್ವರಿನ ಫೈರ್‌ವಾಲನ್ನು ಆರಿಸಿದ್ದನು. ಕಚೇರಿಯ ರೌಟರಿನಲ್ಲಿ 3389ನೆಯ ಬಾಗಿಲನ್ನು ಇಡೀ ಲೋಕಕ್ಕೆ ತೆರೆಸಿದ್ದನು. ಇನ್ನೂ ನಾಲ್ಕೈದು ಕಡೆ ಏನೇನನ್ನೋ ತಿರುಗಿಸಿದ್ದನು, ಅವುಗಳಲ್ಲಿ ಕೆಲವು ಅವನಿಗೇ ನೆನಪಿರಲಿಲ್ಲ. ಯಾವುದರಿಂದ ಸರಿಹೋಯಿತೆಂದು ಕೇಳಿದರೆ ಉತ್ತರವಿಲ್ಲ. ಗುಪ್ತಮಾರ್ಗದ ಗೊಡವೆಯೇ ಬೇಡವೆಂದು ಬೀದಿಬಾಗಿಲಿನಿಂದ ಒಳಹೊಕ್ಕಿದ್ದನು, ಅಷ್ಟೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ.

ಎಲ್ಲವನ್ನೂ ಮೊದಲಿನಂತೆ ಮಾಡಿಸೆಂದು ಹೇಳಿದೆ. ಕೆಲಸ ನಡೆಯುತ್ತಿದೆಯಲ್ಲ ಎಂದು ಕಚೇರಿಯವರು ಅದನ್ನು ಮುಂದಕ್ಕೆ ಹಾಕಿದರು. ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಯಜಮಾನರ ಖಾತೆಯೇ ಬೀಗ ಹಾಕಿಕೊಂಡಿತು. ಸರ್ವರಿನ ದಾಖಲೆಯನ್ನು ತೆರೆದು ನೋಡಿದರೆ, ರಾತ್ರಿಯೆಲ್ಲ ಯಾರು ಯಾರೋ ಯಾವ ಯಾವ ದೇಶಗಳಿಂದಲೋ ಊಹೆಯ ಪಾಸ್‌ವರ್ಡುಗಳನ್ನು ಹಾಕಿ ಬಾಗಿಲನ್ನು ಒದೆಯುತ್ತಿದ್ದ ಗುರುತು ಪುಟಗಟ್ಟಲೆ ಇತ್ತು. ಮನುಷ್ಯರು ಕುಳಿತು ಮಾಡುವ ಕೆಲಸವಲ್ಲ ಇದು. ತೆರೆದ ಬಾಗಿಲುಗಳನ್ನು ಹಗಲಿರುಳೂ ಹುಡುಕುತ್ತಲೇ ಇರುವ ಕ್ರಮವಿಧಿಗಳಿವೆ. ತಪ್ಪು ಪಾಸ್‌ವರ್ಡುಗಳ ಎಣಿಕೆ ಮಿತಿಯನ್ನು ಮೀರಿದುದರಿಂದ ಖಾತೆಗೆ ಬೀಗ ಬಿದ್ದಿತ್ತು. ಅಂಥ ಮಿತಿಯನ್ನು ಹಾಕಿಲ್ಲದ ಸರ್ವರಾಗಿದ್ದರೆ ಒಂದು ದಿನ ಬಾಗಿಲು ತೆರೆದುಕೊಂಡೇ ಇರುತ್ತಿತ್ತು. ಹೀಗೆ ಹೊಕ್ಕವರು ಲೆಕ್ಕಪತ್ರಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳುವುದು ಲೋಕದಲ್ಲಿ ನಿತ್ಯ ನಡೆಯುತ್ತಿರುವ ವ್ಯಾಪಾರ.

ಮೂಲದ ದೋಷವಾದರೋ ಎಷ್ಟು ಸಣ್ಣದು! ಮೊಬೈಲ್ ಫೋನಿನ ಮೂಲಕ ಜಾಲಕ್ಕೆ ಸೇರಿ ಅದೇ ಗುಪ್ತಮಾರ್ಗವನ್ನು ತೆರೆದು ನೋಡೆಂದೆ. ಒಡನೆಯೇ ಸರ್ವರು ಸಿಕ್ಕಿತು. ಅಂದ ಮೇಲೆ ಸರ್ವರು ಸರಿ, ಗುಪ್ತಮಾರ್ಗ ಸರಿ, ಅವನ ಕಂಪ್ಯೂಟರು ಸರಿ. ಉಳಿದುದು ಮನೆಯ ರೌಟರ್ ಒಂದೇ. ಮನೆಯ ಯಂತ್ರಗಳಿಗೆ ಅದು ಹಂಚುತ್ತಿದ್ದ ವಿಳಾಸಗಳು 192.168.1 ಎಂದು ಮೊದಲಾಗುತ್ತಿದ್ದುವು; ಕಚೇರಿಯ ವಿಳಾಸಗಳೂ ಹಾಗೆಯೇ. 1996ರಲ್ಲಿ ಮಾಡಿದ ಒಂದು ಕಟ್ಟಳೆಯಂತೆ ಕೆಲವು ವಿಳಾಸಗಳನ್ನು ಯಾರು ಬೇಕಾದರೂ ತಂತಮ್ಮ ಆವರಣದೊಳಗೆ ಬಳಸಿಕೊಳ್ಳಬಹುದು. ರೌಟರ್ ತಯಾರಿಸುವವರಲ್ಲಿ ಅನೇಕರು ಅವುಗಳಲ್ಲಿ ಒಂದೆರಡನ್ನೇ ಮತ್ತೆ ಮತ್ತೆ ಆರಿಸುತ್ತಾರೆ. ಸರ್ವರಿನ ವಿಳಾಸವನ್ನು ಕಂಡ ಹುಡುಗನ ಕಂಪ್ಯೂಟರು, ಇದು ನಮ್ಮ ಮನೆಯೊಳಗಿನದೇ ಎಂದು ಬಗೆದು, ಕಚೇರಿಗೆ ಹೋಗಬೇಕಾದ ಕರೆಯನ್ನು ಮನೆಯೊಳಗೇ ಕೂಗುತ್ತಿತ್ತು. ಒಂದೇ ಹೆಸರಿನ ಎರಡು ಊರುಗಳಿದ್ದರೆ ಕಾಗದಕ್ಕೆ ಒದಗುವ ಗತಿಯೇ ಇದಕ್ಕೂ ಒದಗಿತ್ತು. ಮನೆಯ ರೌಟರಿನಲ್ಲಿ ಒಂದು ಅಂಕೆಯನ್ನು ಬದಲಿಸಿದೆವು. ಎರಡು ನಿಮಿಷ ಹಿಡಿಯಿತು.

ಸಂಪರ್ಕ ತಪ್ಪಿದವರೆಲ್ಲರೂ ಪ್ರಮಾಣಮಾಡಿ ಹೇಳುವ ಮಾತೊಂದುಂಟು: "ನಾವು ಏನನ್ನೂ ಬದಲಿಸಿಲ್ಲ." ಅವರು ಸುಳ್ಳಾಡುವುದಿಲ್ಲ. ಆದರೆ ಮನುಷ್ಯನು ಮುಟ್ಟದಿದ್ದರೂ ದಿನಗಳು ಉರುಳುತ್ತವೆಯಲ್ಲ. ಪಾಸ್‌ವರ್ಡಿನ ಅವಧಿ ಮುಗಿಯುತ್ತದೆ. ಮುಗಿದ ಪಾಸ್‌ವರ್ಡನ್ನು ಬದಲಿಸಲು ಒಳಗೆ ಹೋಗಬೇಕು, ಒಳಗೆ ಹೋಗಲು ಪಾಸ್‌ವರ್ಡು ಬೇಕು ಎಂಬ ಇಕ್ಕಟ್ಟು ಹಲವು ಏರ್ಪಾಡುಗಳಲ್ಲಿ ಬರುತ್ತದೆ. ಹಲವು ಜನ ಒಮ್ಮೆಗೇ ಬಳಸುವಂತೆ ವಿಂಡೋಸ್ ಸರ್ವರನ್ನು ಸಜ್ಜುಗೊಳಿಸಿದಾಗ, ಪರವಾನಗಿಯ ವಿಚಾರದಲ್ಲಿ 120 ದಿನಗಳ ರಿಯಾಯಿತಿಯಿರುತ್ತದೆ. ಕಚೇರಿಯವರು ಅದನ್ನು ಮರೆಯುತ್ತಾರೆ, ಸರ್ವರು ಮರೆಯುವುದಿಲ್ಲ. ನಾಲ್ಕು ತಿಂಗಳು ಸುಗಮವಾಗಿ ನಡೆದು ಒಂದು ದಿನ ಎಲ್ಲರನ್ನೂ ಹೊರಗಿಟ್ಟರೆ, ತಂತಿಯನ್ನು ಪರೀಕ್ಷಿಸುವ ಮೊದಲು ಪಂಚಾಂಗವನ್ನು ನೋಡಬೇಕು. ಪರವಾನಗಿಯಿಲ್ಲದ ಸಾಮಾನ್ಯ ಸ್ಥಿತಿಯಲ್ಲಿ ಸರ್ವರಿನ ಮೇಲ್ವಿಚಾರಣೆಗೆಂದು ಇಬ್ಬರಿಗೆ ಮಾತ್ರ ಎಡೆ. ಕೆಲಸ ಮುಗಿಸಿ ಸರಿಯಾಗಿ ಹೊರಬರದೆ ಕಿಟಕಿಯನ್ನಷ್ಟೇ ಮುಚ್ಚಿ ಎದ್ದುಹೋದ ಇಬ್ಬರು ಮಹನೀಯರು ಆ ಎಡೆಯನ್ನು ವಾರಗಟ್ಟಲೆ ಹಿಡಿದಿರಬಹುದು. ಗಡಿಯಾರದ ಮಾತೂ ಇದೆ. ಗುರುತು ಹಿಡಿಯುವ ಕರ್ಬರಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಗಡಿಯಾರಗಳು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಹೆಚ್ಚುಕಡಿಮೆಯಾಗಿದ್ದರೆ ಪ್ರವೇಶವಿಲ್ಲ. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಷ್ಟು ಗಾತ್ರದ ಬ್ಯಾಟರಿ ಬತ್ತಿಹೋದುದಕ್ಕೆ ಪಾಸ್‌ವರ್ಡನ್ನು ದೂರುವ ಪ್ರಸಂಗ ಹೀಗೆ ಹುಟ್ಟುತ್ತದೆ.

2018ರ ಮೇ ತಿಂಗಳಿನದು ಇನ್ನೂ ವಿಚಿತ್ರವಾದ ಪ್ರಸಂಗ. ಗುರುತಿನ ವಿವರಗಳನ್ನು ಸಾಗಿಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ಭಾಗದಲ್ಲಿ ಕಂಡ ಒಂದು ಬಿರುಕನ್ನು ಮುಚ್ಚಲು ಮೈಕ್ರೋಸಾಫ್ಟಿನವರು ಮಾರ್ಚಿಯಲ್ಲಿ ತೇಪೆಯೊಂದನ್ನು ಕೊಟ್ಟಿದ್ದರು. ಮೇ ತಿಂಗಳಿನ ತೇಪೆಯಿಂದ ಅದು ಕಡ್ಡಾಯದ ರೂಪ ತಾಳಿತು: ತೇಪೆ ಹಾಕಿಕೊಂಡ ಬಳಕೆದಾರನ ಯಂತ್ರವು, ಹಾಕಿಕೊಳ್ಳದ ಸರ್ವರಿನೊಡನೆ ಮಾತಾಡಲು ಒಪ್ಪದಾಯಿತು. ಸರ್ವರುಗಳನ್ನು ಹಿಂದೆ ಬಿಟ್ಟಿದ್ದ ಕಚೇರಿಗಳಲ್ಲೆಲ್ಲ ಗದ್ದಲವೆದ್ದಿತು. ಸರ್ವರಿಗೂ ತೇಪೆ ಹಾಕುವುದೇ ಪರಿಹಾರ. ಆದರೆ ಬಹು ಮಂದಿ ಮಾಡಿದುದು ತಮ್ಮ ಯಂತ್ರದ ತೇಪೆಯನ್ನೇ ಕಿತ್ತುಹಾಕುವ ಕೆಲಸ. ಪರದೆಯ ಮೇಲಿನ ಸಂದೇಶ ಕಾರಣವನ್ನು ಹೆಸರಿಸಿಯೇ ಹೇಳಿತ್ತು; ಅದನ್ನು ಕೊನೆಯವರೆಗೆ ಓದುವ ವ್ಯವಧಾನ ಇರಲಿಲ್ಲ. ಮರುವರ್ಷ, 2019ರ ಮೇ 14ರಂದು, ಹಳೆಯ ವಿಂಡೋಸುಗಳ ರಿಮೋಟ್ ಡೆಸ್ಕ್‌ಟಾಪಿನಲ್ಲಿಯೇ ಪಾಸ್‌ವರ್ಡಿನ ಹಂಗಿಲ್ಲದೆ ಒಳನುಗ್ಗಬಹುದಾದ ಬಿರುಕು ಪ್ರಕಟವಾಯಿತು. ಬ್ಲೂಕೀಪ್ ಎಂದು ಅದಕ್ಕೆ ಹೆಸರಾಯಿತು. ಬೆಂಬಲವನ್ನು ನಿಲ್ಲಿಸಿ ವರ್ಷಗಳಾಗಿದ್ದ ಎಕ್ಸ್‌ಪಿಗೂ ತೇಪೆ ಕೊಡಬೇಕಾಯಿತೆಂದರೆ ಅಪಾಯದ ಪ್ರಮಾಣವನ್ನು ಊಹಿಸಬಹುದು. 3389ನ್ನು ಬೀದಿಗೆ ತೆರೆದಿಟ್ಟವರು, ಎಷ್ಟೇ ಬಿಗಿಯಾದ ಪಾಸ್‌ವರ್ಡು ಇಟ್ಟಿದ್ದರೂ, ಆ ದಿನ ಬಯಲಿನಲ್ಲಿ ನಿಂತಿದ್ದರು. ಬಾಗಿಲಿನ ಸಂಖ್ಯೆಯನ್ನು ಬದಲಿಸಿದರೆ ಸಾಕೆನ್ನುವವರಿದ್ದಾರೆ. ಎಲ್ಲ ಬಾಗಿಲುಗಳನ್ನೂ ತಟ್ಟಿನೋಡುವ ಕಳ್ಳನಿಗೆ ಮನೆಯ ನಂಬರಿನಿಂದ ಏನಾಗಬೇಕು?

ನನ್ನ ಈ ಮಾತಿಗೆ ಆಕ್ಷೇಪಣೆ ಇಲ್ಲದಿಲ್ಲ. ತಿಂಗಳ ಕೊನೆಯ ದಿನ ಸಂಬಳದ ಪಟ್ಟಿ ಹೊರಡಬೇಕು, ಎಪ್ಪತ್ತು ಜನ ಕಾದಿದ್ದಾರೆ; ಅಲ್ಲಿ ಕುಳಿತು ತರ್ಕಶಾಸ್ತ್ರ ನಡೆಸುವುದು ಸಾಧ್ಯವೇ? ಯಂತ್ರವನ್ನು ಆರಿಸಿ ಹೊತ್ತಿಸಿದರೆ ಹತ್ತರಲ್ಲಿ ಎಷ್ಟೋ ಸಲ ಸರಿಹೋಗುವುದಿಲ್ಲವೇ? ಹೋಗುತ್ತದೆ, ನಾನೂ ಮಾಡಿದ್ದೇನೆ. ನನ್ನ ಬೇಡಿಕೆ ಇಷ್ಟೆ: ಆರಿಸುವ ಮೊದಲು ಎರಡು ನಿಮಿಷ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ, ವೇಳೆಯನ್ನು ಗುರುತುಹಾಕಿಕೊಳ್ಳಿ, ಯಾರಿಗೆ ಸಿಕ್ಕುತ್ತಿದೆ ಯಾರಿಗಿಲ್ಲ ಎಂದು ಕೇಳಿಕೊಳ್ಳಿ. ಆರಿಸಿದೊಡನೆ ಯಂತ್ರದ ನೆನಪಿನಲ್ಲಿದ್ದ ಸಾಕ್ಷ್ಯದಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಮುಂದಿನ ತಿಂಗಳ ಕೊನೆಯ ದಿನ ಅದೇ ದೋಷ ಹಿಂದಿರುಗಿದಾಗ ನಿಮ್ಮ ಕೈ ಮತ್ತೆ ಬರಿದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫಲ ಕಾಣದಿದ್ದರೆ ಅದನ್ನು ಹಿಂದಿನ ಸ್ಥಿತಿಗೆ ತಂದು ಇನ್ನೊಂದನ್ನು ಮುಟ್ಟಿ. ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದೆಂಬುದು ಭ್ರಮೆ. ಸೋದರಳಿಯನ ಎರಡು ದಿನಗಳನ್ನೂ ಮೊಬೈಲ್ ಪರೀಕ್ಷೆಯ ಐದು ನಿಮಿಷಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಕಾಲೇಜುಗಳ ಮೇಲೆಯೇ ನನ್ನ ದೂರು ಹೆಚ್ಚು. ನಮ್ಮ ಪ್ರಯೋಗಶಾಲೆಗಳಲ್ಲಿ ಅಂಕಗಳು ಬರುವುದು ಯಂತ್ರ ನಡೆದರೆ, ಮಾಪಕವು ಪುಸ್ತಕದಲ್ಲಿರುವ ಸಂಖ್ಯೆಯನ್ನೇ ತೋರಿಸಿದರೆ. ಮಂಡಲದಲ್ಲಿ ದೋಷವಿದ್ದ ಹುಡುಗನು ಅಟೆಂಡರನ್ನು ಕರೆಯುತ್ತಾನೆ. ಅಟೆಂಡರು ತಂತಿಯನ್ನು ಬದಲಿಸಿ ಹೋಗುತ್ತಾನೆ. ಆತನೂ ಬರದಿದ್ದರೆ ಪಕ್ಕದವನ ಸಂಖ್ಯೆಯನ್ನು ನಕಲುಮಾಡಿದರಾಯಿತು. ಹೀಗೆ, ಇಡೀ ತರಗತಿಯಲ್ಲಿ ನಿಜವಾಗಿ ಏನನ್ನಾದರೂ ಕಂಡುಹಿಡಿಯುವ ಅವಕಾಶ ಯಾರಿಗೆ ಒದಗಿತ್ತೋ ಅವನಿಗೇ ಅಂಕ ಕಡಿಮೆ. ಜಾಲಶಾಸ್ತ್ರವನ್ನು ಬೋಧಿಸುವಲ್ಲಿಯೂ ಇದೇ ಪಾಡು: ಏಳು ಸ್ತರಗಳ ಹೆಸರುಗಳನ್ನು ಬಾಯಿಪಾಠ ಒಪ್ಪಿಸಿದವರು, ಪಿಂಗ್ ಬರುತ್ತಿದೆ ಆದರೆ ಪೋರ್ಟ್ ಓಗೊಡುತ್ತಿಲ್ಲ ಎಂದರೆ ದೋಷ ಯಾವ ಸ್ತರದ ಕೆಳಗಿರಲಾರದು ಎಂಬುದನ್ನು ಹೇಳಲಾರರು.

ಅಧ್ಯಾಪಕರು ವರ್ಷಕ್ಕೆ ನಾಲ್ಕು ತರಗತಿಗಳನ್ನು ಇದಕ್ಕೆ ಮೀಸಲಿಡಲಿ. ಎರಡು ಹಳೆಯ ಕಂಪ್ಯೂಟರುಗಳು, ಒಂದು ರೌಟರ್, ಒಂದು ತಂತಿ ಸಾಕು. ಪ್ರಯೋಗಶಾಲೆಯ ಈ ಜಾಲಕ್ಕೆ ಹೊರಗಿನ ಸಂಪರ್ಕ ಬೇಡವೇ ಬೇಡ. ವಿಂಡೋಸಿನ ಹೋಮ್ ಆವೃತ್ತಿಯು ಹೊರಗಿನವರನ್ನು ಈ ಬಗೆಯಲ್ಲಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅದನ್ನು ಅರಿಯದೆ ಇಡೀ ದಿನ ಕಳೆದವರುಂಟು. ಆದುದರಿಂದ ಆ ಕಡೆಗೆ ಲಿನಕ್ಸ್ ಹಾಕಿ, ಎಕ್ಸ್‌ಆರ್‌ಡಿಪಿ ಎಂಬ ಬಿಟ್ಟಿ ತಂತ್ರಾಂಶವನ್ನು ಬಳಸಬಹುದು. ಹುಡುಗರನ್ನು ಹೊರಗೆ ಕಳುಹಿಸಿ ಅಧ್ಯಾಪಕರು ಒಂದು ಕೊಂಡಿಯನ್ನು ಕಳಚಲಿ: ಸೇವೆಯನ್ನು ನಿಲ್ಲಿಸುವುದು, ಹೆಸರಿನ ಪಟ್ಟಿಯಲ್ಲಿ ಒಂದು ಅಂಕೆಯನ್ನು ಕೆಡಿಸುವುದು, ಪೋರ್ಟನ್ನು ಮುಚ್ಚುವುದು. ಚೇಷ್ಟೆಯ ಸ್ವಭಾವದವರಾದರೆ ದಾರಿಯಲ್ಲಿ ಹೋಗಬಲ್ಲ ಕಟ್ಟಿನ ಗಾತ್ರವನ್ನು ಕುಗ್ಗಿಸಿ, ಕುಗ್ಗಿಸಿದ ಸುದ್ದಿಯನ್ನೂ ತಡೆದಿಡಲಿ. ಈಥರ್‌ನೆಟ್ಟಿನಲ್ಲಿ ಸಾಮಾನ್ಯವಾಗಿ 1500 ಬೈಟುಗಳವರೆಗಿನ ಕಟ್ಟು ಹೋಗುತ್ತದೆ, ಅದಕ್ಕಿಂತ ಕಿರಿದಾದ ಕಂಡಿಯಲ್ಲಿ ಪಾಸ್‌ವರ್ಡಿನ ಸಣ್ಣ ಕಟ್ಟುಗಳು ನುಸುಳಿ, ಚಿತ್ರದ ದೊಡ್ಡ ಕಟ್ಟುಗಳು ಸಿಕ್ಕಿಕೊಂಡು, ಒಳಗೆ ಬಿಟ್ಟುಕೊಂಡ ಮೇಲೆ ಪರದೆ ಕಪ್ಪಾಗಿ ನಿಲ್ಲುತ್ತದೆ. ಹುಡುಗರು ಒಳಗೆ ಬಂದು, ತಾವು ಕೇಳಿದ ಪ್ರಶ್ನೆ, ಬಂದ ಉತ್ತರ, ಅದರಿಂದ ತಳ್ಳಿಹಾಕಿದ ಕಾರಣ, ಈ ಮೂರನ್ನೂ ಕ್ರಮವಾಗಿ ಬರೆಯಲಿ. ಅಂಕಗಳು ಆ ಬರಹಕ್ಕೆ ಸಲ್ಲಲಿ. ಗಂಟೆ ಹೊಡೆಯುವುದರೊಳಗೆ ಸಂಪರ್ಕ ಕೂಡಿಬರದಿದ್ದರೂ, ಅರ್ಧ ಸರಪಳಿಯನ್ನು ನಿರ್ದೋಷಿಯೆಂದು ತೋರಿಸಿದವನಿಗೆ ಅರ್ಧ ಅಂಕ ಬರಲಿ. ಫೈರ್‌ವಾಲನ್ನು ಆರಿಸಿ ಗೆದ್ದವನಿಗೆ ಸೊನ್ನೆ.